ಹಳೆ ಕಾಂಕ್ರೀಟಿಗೆ ಹೊಸದು ಗಟ್ಟಿಯಾಗಿ ಹಿಡಿಯಬೇಕಾದರೆ: ಜಾಯಿಂಟ್ ತಯಾರಿ ಹಂತ ಹಂತವಾಗಿ

“ಕೆಳಗಿನ ಮನೆ ಕಟ್ಟಿ ಐದಾರು ವರ್ಷ ಆಯ್ತು. ಈಗ ಮೇಲೆ ಕಾಲಂ ಎತ್ತಬೇಕು. ಹಳೆಯದರ ಮೇಲೆ ಹೊಸದು ಹಿಡಿಯುತ್ತಾ?” “ಮೋಲ್ಡ್ ಹಾಕುವಾಗ ಮಳೆ ಬಂತು, ಅರ್ಧಕ್ಕೆ ನಿಂತಿದೆ. ಮುಂದೇನು?” “ಸಿಮೆಂಟ್ ಹಾಲು ಸುರಿದರೆ ಸಾಕು ಅಂತಾರೆ ಮೇಸ್ತ್ರಿ. ಹೌದಾ?” ಮನೆ ಕಟ್ಟಿಸುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರೂ ಒಂದೇ ವಿಷಯಕ್ಕೆ ಸೇರಿದವು. ಗಟ್ಟಿಯಾದ ಕಾಂಕ್ರೀಟಿನ ಮುಖಕ್ಕೆ ಹೊಸ ಕಾಂಕ್ರೀಟ್ ತಾಗುವ ಜಾಗವನ್ನು ಹೇಗೆ ತಯಾರು ಮಾಡಬೇಕು ಎಂಬುದೇ ಆ ವಿಷಯ.

ಈ ಜಾಗಕ್ಕೆ ಕನ್‌ಸ್ಟ್ರಕ್ಷನ್ ಜಾಯಿಂಟ್ ಎನ್ನುತ್ತಾರೆ. ಇದಿಲ್ಲದೆ ಮನೆ ಕಟ್ಟೋಕೆ ಆಗಲ್ಲ. ಫುಟಿಂಗ್ ಒಂದು ದಿನ, ಸ್ಟಾರ್ಟರ್ (ಕಾಲಂನ ಬುಡದ ಗಿಡ್ಡ ತುಂಡು) ಇನ್ನೊಂದು ದಿನ, ಕಾಲಂ ಮತ್ತೊಂದು ದಿನ, ಬೀಮು ಮತ್ತು ಸ್ಲ್ಯಾಬ್ ಕೊನೆಗೆ. ಪ್ರತಿ ಸಲವೂ ಒಂದು ಜಾಯಿಂಟ್ ಹುಟ್ಟುತ್ತದೆ. ಬೇಕೆಂದೇ ಬಿಟ್ಟ ಜಾಯಿಂಟ್ ತೊಂದರೆಯಲ್ಲ. ಯಾರೂ ನೋಡಿಕೊಳ್ಳದ ಜಾಯಿಂಟ್ ತೊಂದರೆ.

ಅಲ್ಲಿ ಏನು ನಡೆಯುತ್ತದೆ

ಮೇಲಿನಿಂದ ಬರುವ ಭಾರವನ್ನು ಜಾಯಿಂಟ್ ಸುಲಭವಾಗಿ ತಡೆಯುತ್ತದೆ. ಕಷ್ಟ ಇರುವುದು ಪಕ್ಕಕ್ಕೆ ತಳ್ಳುವ ಬಲದಲ್ಲಿ. ಗಾಳಿ, ಭೂಕಂಪ, ಗೋಡೆಯ ಹಿಂದಿನ ಮಣ್ಣಿನ ಒತ್ತಡ ಇವೆಲ್ಲ ಮೇಲಿನ ತುಂಡನ್ನು ಕೆಳಗಿನ ತುಂಡಿನ ಮೇಲೆ ಜಾರಿಸಲು ನೋಡುತ್ತವೆ. ಹೀಗೆ ಜಾರಿಸುವ ಬಲಕ್ಕೆ ಶಿಯರ್ ಎನ್ನುತ್ತಾರೆ.

ಜಾರದಂತೆ ತಡೆಯುವುದು ಮುಖದ ಒರಟುತನ ಮತ್ತು ಅದನ್ನು ದಾಟಿ ಹೋಗುವ ಕಂಬಿ. ಬೀಸುವ ಕಲ್ಲು ಸವೆದು ನುಣುಪಾದರೆ ಕಾಳು ಹಿಡಿಯುವುದಿಲ್ಲ ಎಂದು ಮತ್ತೆ ಕುಟ್ಟಿಸುತ್ತಿದ್ದರು, ಅಲ್ವಾ? ಇಲ್ಲಿಯೂ ಅದೇ ತರ್ಕ. ಒರಟು ಮುಖಗಳು ಜಾರಬೇಕಾದರೆ ಒಂದು ಇನ್ನೊಂದರ ಉಬ್ಬನ್ನು ಹತ್ತಬೇಕು. ಹತ್ತಿದಾಗ ನಡುವೆ ಕೂದಲೆಳೆಯಷ್ಟು ಅಂತರ ತೆರೆಯುತ್ತದೆ. ಆಗ ಕಂಬಿ ಎಳೆತಕ್ಕೆ ಸಿಕ್ಕಿ ಎರಡೂ ತುಂಡನ್ನು ಮತ್ತೆ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಮುಖ ನುಣುಪಾಗಿದ್ದರೆ ಕಂಬಿಗೆ ಈ ಕೆಲಸ ಪೂರ್ತಿ ಮಾಡುವ ಅವಕಾಶವೇ ಸಿಗುವುದಿಲ್ಲ.

ಎಷ್ಟು ವ್ಯತ್ಯಾಸ? 9 ಇಂಚು, 12 ಇಂಚಿನ ಒಂದು ಕಾಲಂ ತೆಗೆದುಕೊಳ್ಳಿ. ಅದರಲ್ಲಿ 12 ಎಂಎಂನ 4 ಕಂಬಿ, ಎಫ್‌ಇ 415 ದರ್ಜೆಯದ್ದು (ಎಫ್‌ಇ ಮುಂದಿನ ಅಂಕಿ ಉಕ್ಕಿನ ಬಲ ಹೇಳುತ್ತದೆ). ನಾಲ್ಕೂ ಸೇರಿ ಸುಮಾರು 452 ಚದರ ಮಿಲಿಮೀಟರ್ ಉಕ್ಕು. ಅವು ಪೂರ್ತಿ ಎಳೆದುಕೊಂಡಾಗ ಕೊಡುವ ಬಿಗಿತ ಸುಮಾರು 19 ಟನ್. ಅಮೆರಿಕದ ಎಸಿಐ 318 ಕೋಡ್ ಪ್ರಕಾರ, ಬೇಕೆಂದೇ 6 ಎಂಎಂನಷ್ಟು ಏರಿಳಿತ ಬರುವಂತೆ ಒರಟು ಮಾಡಿದ ಮುಖಕ್ಕೆ ಘರ್ಷಣೆಯ ಗುಣಕ 1.0 (ಬಿಗಿತವನ್ನು ಇದರಿಂದ ಗುಣಿಸಿದರೆ ಜಾರದಂತೆ ತಡೆಯುವ ಬಲ ಸಿಗುತ್ತದೆ). ಒರಟು ಮಾಡದ ಮುಖಕ್ಕೆ 0.6. ಅಂದರೆ ಅದೇ ಕಾಲಂ, ಅದೇ ಕಂಬಿ, ಅದೇ ಸಿಮೆಂಟ್. ಆದರೂ ಒಂದು 19 ಟನ್ ತಡೆಯುತ್ತದೆ, ಇನ್ನೊಂದು ಹನ್ನೊಂದೂವರೆ ಟನ್. ಸುರಕ್ಷತೆಗೆ ಕಳೆಯಬೇಕಾದ್ದನ್ನು ಇಲ್ಲಿ ಕಳೆದಿಲ್ಲ, ಹಾಗಾಗಿ ಡಿಸೈನಿಗೆ ಈ ಅಂಕಿ ಬಳಸಬೇಡಿ. ತಂತಿ ಬ್ರಷ್ಷಿನ ಒಂದು ಗಂಟೆಯ ಕೆಲಸಕ್ಕೆ ಎಷ್ಟು ಬೆಲೆ ಇದೆ ಎಂದು ತಿಳಿಯಲು ಇಷ್ಟು ಸಾಕು.

ಬೇಕಾಗುವ ಸಾಮಾನು

ತಂತಿ ಬ್ರಷ್, ಉಳಿ, ಸುತ್ತಿಗೆ. ಹಳೆ ಕಾಂಕ್ರೀಟ್ ಆದರೆ ಕೈಯಲ್ಲಿ ಹಿಡಿಯುವ ಸಣ್ಣ ಚಿಪ್ಪಿಂಗ್ ಮೆಷಿನ್. ಧೂಳು ಊದಲು ಬ್ಲೋವರ್. ಒತ್ತಡದಲ್ಲಿ ನೀರು ಬರುವ ಪೈಪು. ನೀರು ಹೀರಲು ಸ್ಪಾಂಜ್ ಅಥವಾ ಗೋಣಿ. ಅಳತೆಗೆ ಒಂದು ನೇರ ಪಟ್ಟಿ ಮತ್ತು 6 ಎಂಎಂ ಕಂಬಿಯ ತುಂಡು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಕಾಂಕ್ರೀಟ್ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಕೆಲಸದವರಿಗೆ ನೀವೇ ತಂದುಕೊಡಿ.

1. ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಗೊತ್ತು ಮಾಡಿ

ಸಿಮೆಂಟ್ ಮುಗಿದಲ್ಲಿ ನಿಲ್ಲಿಸುವುದಲ್ಲ. ಭಾರತದ ಕಾಂಕ್ರೀಟ್ ಕೋಡ್ ಐಎಸ್ 456 (2000ದ ಆವೃತ್ತಿ) ಹೇಳುವುದೂ ಇದನ್ನೇ: ಜಾಯಿಂಟ್ ಎಲ್ಲಿ ಬರಬೇಕು ಎಂದು ಡಿಸೈನ್ ಮಾಡಿದವರು ತೋರಿಸಬೇಕು, ಮತ್ತು ಅದು ಕೈಗೆ ಸಿಗುವ ಜಾಗದಲ್ಲಿ ಇರಬೇಕು.

ಬೀಮು ಮತ್ತು ಸ್ಲ್ಯಾಬಿನಲ್ಲಿ ಶಿಯರ್ ಜಾಸ್ತಿ ಇರುವುದು ಕಾಲಂ ಅಥವಾ ಗೋಡೆಯ ಹತ್ತಿರ, ಕಡಿಮೆ ಇರುವುದು ನಡುವಿನಲ್ಲಿ. ಹಾಗಾಗಿ ಉದ್ದವನ್ನು ಮೂರು ಪಾಲು ಮಾಡಿ, ನಡುವಿನ ಪಾಲಿನಲ್ಲಿ ನಿಲ್ಲಿಸಬೇಕು. ಸಜ್ಜಾ, ಬಾಲ್ಕನಿಯಂತೆ ಹೊರಗೆ ಚಾಚಿದ ಭಾಗ ಗೋಡೆಯಿಂದ ಹೊರಡುವ ಜಾಗದಲ್ಲಿ ಯಾವತ್ತೂ ನಿಲ್ಲಿಸಬೇಡಿ. ಪೂರ್ತಿ ಭಾರ ಅಲ್ಲೇ ಬೀಳುತ್ತದೆ. ಕಾಲಂನಲ್ಲಿ ಜಾಯಿಂಟ್ ಬರುವುದು ನೆಲದ ಮಟ್ಟದಲ್ಲಿ ಮತ್ತು ಬೀಮಿನ ತಳದ ಸ್ವಲ್ಪ ಕೆಳಗೆ.

ನಿಲ್ಲಿಸುವ ಕಡೆ ಹಲಗೆ ಕಟ್ಟಿ ಮುಖ ನೆಟ್ಟಗೆ ಬರುವಂತೆ ಮಾಡಿ. ಸಾಮಾನ್ಯವಾಗಿ ಆಗುವ ತಪ್ಪು ಏನೆಂದರೆ ಕಾಂಕ್ರೀಟನ್ನು ಇಳಿಜಾರಾಗಿ ಹರಡಿ ಬಿಡುವುದು. ಇಳಿಜಾರಿನ ತುದಿ ಬಿಸ್ಕತ್ತಿನಷ್ಟು ತೆಳ್ಳಗಾಗಿ ಪುಡಿಯಾಗುತ್ತದೆ, ಮುಖ ಓರೆಯಾಗಿ ಜಾರಲು ದಾರಿ ಸಿಗುತ್ತದೆ.

ಶಿಯರ್ ತುಂಬಾ ಜಾಸ್ತಿ ಇರುವ ಕಡೆ ಶಿಯರ್ ಕೀ ಕೊಡಬಹುದು ಎಂದೂ ಕೋಡ್ ಹೇಳುತ್ತದೆ. ಒಂದು ತುಂಡಿನಲ್ಲಿ ತೋಡು ಬಿಟ್ಟು ಇನ್ನೊಂದು ಅದರೊಳಗೆ ಕೂರುವಂತೆ ಮಾಡುವುದೇ ಶಿಯರ್ ಕೀ. ಮಣ್ಣು ತಡೆಯುವ ರೀಟೇನಿಂಗ್ ಗೋಡೆಯ ಬುಡದಲ್ಲಿ, ದಪ್ಪ ಸ್ಲ್ಯಾಬಿನಲ್ಲಿ ಇದು ಒಳ್ಳೆಯದು. 9 ಇಂಚಿನ ಮನೆ ಕಾಲಂಗೆ ನಾನು ಇದನ್ನು ಹೇಳುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಕಂಬಿಗಳ ನಡುವೆ ತೋಡು ಸರಿಯಾಗಿ ಬರುವುದೇ ಇಲ್ಲ. ಚೆನ್ನಾಗಿ ಒರಟು ಮಾಡಿದರೆ ಸಾಕು.

2. ದಾಟಿ ಹೋಗುವ ಕಂಬಿ ನೋಡಿಕೊಳ್ಳಿ

ಕಂಬಿ ಜಾಯಿಂಟಿನ ಎರಡೂ ಕಡೆ ಸಾಕಷ್ಟು ಆಳಕ್ಕೆ ಹೂತಿರಬೇಕು. ಇಲ್ಲದಿದ್ದರೆ ಎಳೆತ ಬಂದಾಗ ಕಿತ್ತು ಬರುತ್ತದೆ. ಎಂ20 ದರ್ಜೆಯ ಕಾಂಕ್ರೀಟಿನಲ್ಲಿ ಎಫ್‌ಇ 500 ದರ್ಜೆಯ ಕಂಬಿ ಎಳೆತವನ್ನು ಪೂರ್ತಿ ತಾಳಬೇಕಾದರೆ, ಐಎಸ್ 456ರ ಲೆಕ್ಕದಲ್ಲಿ ಅದರ ದಪ್ಪದ ಸುಮಾರು 57 ಪಟ್ಟು ಉದ್ದ ಬೇಕು. 12 ಎಂಎಂ ಕಂಬಿಗೆ ಇದು 68 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ.

ಮುಂದೆ ಮಹಡಿ ಕಟ್ಟೋಣ ಎಂದು ತಾರಸಿ ಮೇಲೆ ಬಿಟ್ಟ ಕಂಬಿಗಳು ವರ್ಷಗಟ್ಟಲೆ ಮಳೆಯಲ್ಲಿ ನೆನೆಯುತ್ತವೆ. ಮೇಲೆ ತೆಳುವಾದ ಕೆಂಪು ತುಕ್ಕು ಇದ್ದರೆ ಭಯ ಬೇಡ. ಪದರ ಪದರವಾಗಿ ಎದ್ದು ಬರುತ್ತಿದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ, ಉಳಿದ ದಪ್ಪವನ್ನು ಅಳೆಯಿಸಿ ಇಂಜಿನಿಯರಿಗೆ ತೋರಿಸಿ. ವಿಶೇಷವಾಗಿ ಕಂಬಿ ಕಾಂಕ್ರೀಟಿನಿಂದ ಹೊರಬರುವ ಬುಡದಲ್ಲಿ ನೋಡಿ. ನೀರು ನಿಲ್ಲುವುದು ಅಲ್ಲೇ. ಅಡ್ಡ ಬರುತ್ತದೆ ಎಂದು ಕಂಬಿಯನ್ನು ಬಗ್ಗಿಸಿ ಮತ್ತೆ ನೆಟ್ಟಗೆ ಮಾಡಲು ಬಿಡಬೇಡಿ, ಬಗ್ಗಿದ ಕಡೆ ಬಿರುಕು ಬಿಡಬಹುದು.

ಹಳೆ ಕಾಲಂಗೆ ಹೊಸ ಬೀಮು ಸೇರಿಸುವಾಗ ಕಂಬಿ ಇರುವುದೇ ಇಲ್ಲ. ಆಗ ಡ್ರಿಲ್ ಮಾಡಿ ಕೆಮಿಕಲ್ ಹಾಕಿ ಕಂಬಿ ನೆಡಬೇಕು. ತೂತಿನ ಗಾತ್ರ, ಆಳ ಎರಡನ್ನೂ ಇಂಜಿನಿಯರ್ ಹೇಳಬೇಕು. ನೀವು ನೋಡಬೇಕಾದ್ದು ಒಂದೇ: ತೂತಿನ ಧೂಳನ್ನು ಊದಿ, ಬ್ರಷ್ ಹಾಕಿ, ಮತ್ತೆ ಊದಿದರೇ? ಧೂಳಿನ ಮೇಲೆ ಹಾಕಿದ ಕೆಮಿಕಲ್ ಧೂಳನ್ನು ಹಿಡಿಯುತ್ತದೆ, ಕಾಂಕ್ರೀಟನ್ನಲ್ಲ.

3. ಹಸಿ ಇರುವಾಗಲೇ ಉಜ್ಜಿ

ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಪರಿಣಾಮಕಾರಿ ಹಂತ ಇದು. ಮನೆ ಕೆಲಸಗಳಲ್ಲಿ ಅತಿ ಹೆಚ್ಚು ತಪ್ಪಿಹೋಗುವ ಹಂತವೂ ಇದೇ.

ಕಾಂಕ್ರೀಟ್ ಸುರಿದ ಮೇಲೆ ಜಲ್ಲಿ ಕೆಳಗೆ ಕೂರುತ್ತದೆ, ನೀರು ಮೇಲೆ ಬರುತ್ತದೆ. ಬರುವಾಗ ಸಿಮೆಂಟಿನ ಮತ್ತು ಎಂ ಸ್ಯಾಂಡಿನ ನುಣ್ಣನೆಯ ಪುಡಿಯನ್ನೂ ತರುತ್ತದೆ. ಅದು ಮೇಲೆ ಒಣಗಿ ಬಿಳಿಚಿದ ಪದರವಾಗುತ್ತದೆ. ಇದಕ್ಕೆ ಲೇಟೆನ್ಸ್ ಎಂದು ಹೆಸರು. ನೋಡಲು ನುಣುಪಾಗಿ, ಚೆನ್ನಾಗಿ ಕಾಣುತ್ತದೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಈ ಪದರದ ಮೇಲೆ ಎಷ್ಟೇ ಒಳ್ಳೆಯ ಕಾಂಕ್ರೀಟ್ ಹಾಕಿದರೂ ಅದು ಹಿಡಿಯುವುದು ಆ ಪುಡಿಯನ್ನು ಮಾತ್ರ.

ಕಾಲಂನ ತಲೆಯಲ್ಲಿ ಇದು ಜಾಸ್ತಿ. ಹತ್ತು ಅಡಿ ಎತ್ತರದ ಕಾಂಕ್ರೀಟಿನ ನೀರೆಲ್ಲ ಅಷ್ಟು ಸಣ್ಣ ಜಾಗಕ್ಕೆ ಏರಿ ಬರುತ್ತದೆ. ಆ ತಲೆಯೇ ಬೀಮಿನ ಕೆಳಗೆ ಬರುವ ಜಾಯಿಂಟ್. 2001ರ ಜನವರಿ 26ರ ಭುಜ್ ಭೂಕಂಪದ ನಂತರ ಅಹಮದಾಬಾದಿನ ಕಟ್ಟಡಗಳನ್ನು ನೋಡಿದ ಇಂಜಿನಿಯರುಗಳು, ಬೀಮಿನ ಕೆಳಗೆ ಬಿಟ್ಟು ಆಮೇಲೆ ತುಂಬಿದ ಕಾಲಂ ತುಂಡನ್ನು ದುರ್ಬಲ ಜಾಗಗಳಲ್ಲಿ ಒಂದೆಂದು ಗುರುತಿಸಿದರು. ಬೆಂಗಳೂರು, ಮೈಸೂರು ಕಡಿಮೆ ಅಪಾಯದ 2ನೇ ವಲಯದಲ್ಲಿವೆ, ನಮಗೇಕೆ ಎನ್ನಬೇಡಿ. ಭೂಕಂಪದ ವಲಯ ಹೇಳುವ ಐಎಸ್ 1893 ಕೋಡಿನ 2016ರ ಆವೃತ್ತಿಯಲ್ಲಿ ಮಂಗಳೂರು, ಕಾರವಾರ, ಬೆಳಗಾವಿ 3ನೇ ವಲಯದಲ್ಲಿವೆ.

ಕಾಂಕ್ರೀಟ್ ಬಿಗಿಯಲು ಶುರುವಾದ ಕೂಡಲೇ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಎದ್ದ ಕೆಸರನ್ನು ಆಗಲೇ ತೆಗೆದುಹಾಕಬೇಕು. ಐಎಸ್ 456 ಹೇಳುವ ಕ್ರಮವೂ ಇದೇ. ಗಡಿಯಾರ ನೋಡಿ ಸಮಯ ಹೇಳೋಕಾಗಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಬೇಗ ಬಿಗಿಯುತ್ತದೆ, ಮಡಿಕೇರಿಯ ಚಳಿಗಾಲದಲ್ಲಿ ತಡ. ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟ್ ಆದರೆ ಇನ್ನೂ ಸ್ವಲ್ಪ ತಡ. ಪರೀಕ್ಷೆ ಹೀಗೆ: ಬ್ರಷ್ ಎಳೆದಾಗ ಮೇಲಿನ ಸಿಮೆಂಟ್ ಬರಬೇಕು, ಜಲ್ಲಿ ಅಲುಗಬಾರದು. ಜಲ್ಲಿ ಕಿತ್ತು ಬಂದರೆ ಬೇಗ ಆಯ್ತು, ಸ್ವಲ್ಪ ಕಾಯಿರಿ. ಬ್ರಷ್ ಗೀರು ಮಾತ್ರ ಬಿದ್ದರೆ ತಡ ಆಯ್ತು, ಇನ್ನು ಉಳಿಯೇ ಗತಿ.

ಇದು ತಪ್ಪಿಹೋಗಲು ಕಾರಣ ಸರಳ. ಕಾಂಕ್ರೀಟ್ ಮುಗಿದ ಕೂಡಲೇ ಗ್ಯಾಂಗ್ ಹೊರಟುಹೋಗುತ್ತದೆ. ಉಜ್ಜುವ ಹೊತ್ತಿಗೆ ಸೈಟಿನಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಕಾಂಟ್ರಾಕ್ಟರ್ ಹತ್ತಿರ ಮೊದಲೇ ಮಾತಾಡಿ: ಒಬ್ಬರು ಸಂಜೆವರೆಗೆ ಉಳಿಯಬೇಕು, ಅದಕ್ಕೆ ಬೇರೆ ಕೂಲಿ ಕೊಡುತ್ತೇನೆ ಎಂದು. ಆ ಕೂಲಿ ಉಳಿಸಲು ಹೋಗಬೇಡಿ.

ಇನ್ನೊಂದು ಮಾತು. ಕೆಲವು ಮೇಸ್ತ್ರಿಗಳು ಜಾಯಿಂಟಿನ ಮುಖವನ್ನೂ ಕರಣೆಯಿಂದ ನಯವಾಗಿ ತೀಡಿಬಿಡುತ್ತಾರೆ. ಅವರಿಗೆ ಅದು ಅಚ್ಚುಕಟ್ಟು ಕೆಲಸ. “ಇಲ್ಲಿ ನಯ ಬೇಡ ಮೇಸ್ತ್ರಿ, ಜಲ್ಲಿ ಕಾಣಬೇಕು” ಎಂದು ಮುಂಚೆಯೇ ಹೇಳಿಡಿ.

4. ಗಟ್ಟಿಯಾಗಿದ್ದರೆ ಕಚ್ಚು ಹಾಕಿ

ಹಳೆ ಕಾಂಕ್ರೀಟಿಗೆ, ಅಥವಾ ಹಲಗೆಗೆ ತಾಗಿ ನುಣುಪಾದ ಮುಖಕ್ಕೆ ಉಳಿ ಬೇಕು. ಇಲ್ಲಿ ಎರಡು ಅತಿಗಳನ್ನು ನೋಡಿದ್ದೇನೆ. ಒಂದು, ಅಲ್ಲೊಂದು ಇಲ್ಲೊಂದು ಚುಕ್ಕಿ ಇಟ್ಟ ಹಾಗೆ ನಾಲ್ಕು ಏಟು ಹಾಕಿ “ಹ್ಯಾಕಿಂಗ್ ಆಯ್ತು ಸಾರ್” ಎನ್ನುವುದು. ಚುಕ್ಕಿಗಳ ನಡುವೆ ಲೇಟೆನ್ಸ್ ಹಾಗೆಯೇ ಇರುತ್ತದೆ. ಪೂರ್ತಿ ಮುಖದಲ್ಲಿ ಆ ಪದರ ಹೋಗಿ ಜಲ್ಲಿಯ ತಲೆ ಕಾಣಬೇಕು. ಇನ್ನೊಂದು, ಗೋಡೆ ಒಡೆಯುವ ದೊಡ್ಡ ಬ್ರೇಕರ್ ತಂದು ಹೊಡೆಯುವುದು. ಅದರ ಏಟಿಗೆ ಉಳಿದ ಕಾಂಕ್ರೀಟಿನ ಒಳಗೆ ಕಣ್ಣಿಗೆ ಕಾಣದ ಬಿರುಕುಗಳು ಬರುತ್ತವೆ. ಮುಖ ಒರಟಾಗಿರುತ್ತದೆ, ಆದರೆ ಆ ಒರಟೇ ಸಡಿಲ. ಸಣ್ಣ ಮೆಷಿನ್ ಅಥವಾ ಕೈ ಉಳಿ ಬಳಸಿ, ಕೊನೆಗೆ ತಂತಿ ಬ್ರಷ್ ಹಾಕಿ ಸಡಿಲಾದದ್ದನ್ನೆಲ್ಲ ತೆಗೆಯಿರಿ. ಒತ್ತಡದ ನೀರಿನ ಮೆಷಿನ್ ಸಿಕ್ಕರೆ ಇನ್ನೂ ಒಳ್ಳೆಯದು.

ಸಾಕಾಯಿತೇ ಎಂದು ನೋಡಲು ನೇರ ಪಟ್ಟಿಯನ್ನು ಮುಖದ ಮೇಲಿಡಿ. ಪಟ್ಟಿಯ ಕೆಳಗಿನ ತಗ್ಗುಗಳಲ್ಲಿ 6 ಎಂಎಂ ಕಂಬಿಯ ತುಂಡು ತೂರಬೇಕು. ನಾಲ್ಕಾರು ಕಡೆ ಹೀಗೆ ನೋಡಿ. ಅಂಚಿನಲ್ಲಿ ಮಾತ್ರ ಜೋರಾಗಿ ಹೊಡೆಯಬೇಡಿ, ಮೂಲೆ ಹಾರಿಹೋಗುತ್ತದೆ.

5. ಶುಚಿ ಮಾಡಿ

ಧೂಳು, ಬೈಂಡಿಂಗ್ ವೈರಿನ ತುಂಡು, ಮರದ ಹೊಟ್ಟು, ಎಲೆ ಎಲ್ಲ ಕಾಲಂ ಪೆಟ್ಟಿಗೆಯ ತಳಕ್ಕೇ ಬಂದು ಕೂರುತ್ತವೆ. ತಳ ಎಂದರೆ ಜಾಯಿಂಟ್. ಶಟರಿಂಗ್ ನಿಲ್ಲಿಸಿದ ಮೇಲೆ ಕೈ ಹೋಗುವುದಿಲ್ಲ. ಅದಕ್ಕೆ ಪೆಟ್ಟಿಗೆಯ ಬುಡದಲ್ಲಿ ಒಂದು ಸಣ್ಣ ಕಿಟಕಿ ಬಿಡಿಸಿ. ಕೊನೆಯ ಗಳಿಗೆಯಲ್ಲಿ ಮೇಲಿನಿಂದ ನೀರು ಬಿಟ್ಟು ಕಸ ಹೊರಗೆ ತಳ್ಳಿ, ಆಮೇಲೆ ಕಿಟಕಿ ಮುಚ್ಚಿ. ಈ ಒಂದು ಕಿಟಕಿ ಕೇಳಿದರೆ ಸೆಂಟ್ರಿಂಗ್‌ನವರು ಗೊಣಗಬಹುದು, ಬಿಡಬೇಡಿ.

ಎಣ್ಣೆ ಇನ್ನೊಂದು ಶತ್ರು. ಶಟರಿಂಗ್‌ಗೆ ಹಚ್ಚುವ ವೇಸ್ಟ್ ಆಯಿಲ್ ಜಾಯಿಂಟಿನ ಮೇಲೆ ಅಥವಾ ಕಂಬಿಯ ಮೇಲೆ ಬಿದ್ದರೆ ಕಾಂಕ್ರೀಟ್ ಹಿಡಿಯುವುದಿಲ್ಲ. ಪೆಟ್ಟಿಗೆ ನಿಲ್ಲಿಸುವ ಮುಂಚೆಯೇ, ದೂರದಲ್ಲಿ ಎಣ್ಣೆ ಹಚ್ಚಿಸಿ. ಬಿದ್ದುಬಿಟ್ಟಿದ್ದರೆ ಬಟ್ಟೆಯಿಂದ ಒರೆಸಿದರೆ ಸಾಲದು, ಆ ಜಾಗವನ್ನು ಮತ್ತೆ ಕೆತ್ತಬೇಕು. ಮೊದಲು ಸುರಿದ ಕಾಂಕ್ರೀಟಿಗೆ, ನೀರು ಆರದಂತೆ ತಡೆಯುವ ಕ್ಯೂರಿಂಗ್ ಕಾಂಪೌಂಡ್ ಸಿಂಪಡಿಸಿದ್ದರೆ ಅದನ್ನೂ ಪೂರ್ತಿ ಕೆರೆದು ತೆಗೆಯಬೇಕು.

6. ಒಳಗೆ ಹಸಿ, ಮೇಲೆ ಒಣ

ಒಣ ಹಳೆ ಕಾಂಕ್ರೀಟ್ ಹೊಸದರ ನೀರನ್ನು ಹೀರುತ್ತದೆ. ಜಾಯಿಂಟಿನ ಹತ್ತಿರದ ಸಿಮೆಂಟಿಗೆ ಗಟ್ಟಿಯಾಗಲು ನೀರು ಸಾಲದೆ ಹೋಗುತ್ತದೆ. ಹಿಂದಿನ ದಿನವೇ ಒದ್ದೆ ಗೋಣಿ ಹೊದಿಸಿ ಚೆನ್ನಾಗಿ ನೆನೆಸಿ. ಕಾಂಕ್ರೀಟ್ ಸುರಿಯುವ ಮುಂಚೆ ಗೋಣಿ ತೆಗೆದು, ನಿಂತ ನೀರನ್ನು ಸ್ಪಾಂಜಿನಿಂದ ಹೀರಿ ತೆಗೆಯಿರಿ. ಮುಖ ಗಾಢ ಬಣ್ಣದಲ್ಲಿರಬೇಕು, ಹೊಳೆಯಬಾರದು. ತಗ್ಗಿನಲ್ಲಿ ನೀರು ನಿಂತಿದ್ದರೆ ಅಲ್ಲಿನ ಕಾಂಕ್ರೀಟ್ ತೆಳ್ಳಗಾಗಿ, ನೀವು ಕೆರೆದು ತೆಗೆದ ದುರ್ಬಲ ಪದರ ಮತ್ತೆ ಹುಟ್ಟುತ್ತದೆ.

7. ಸಿಮೆಂಟ್ ಹಾಲು ಬೇಕೇ?

ಮುಖ ಒರಟಾಗಿ, ಶುಚಿಯಾಗಿ, ಸರಿಯಾಗಿ ನೆನೆದಿದ್ದರೆ ಬೇಡ. ಇದು ನನ್ನ ಖಚಿತ ಅಭಿಪ್ರಾಯ. ಹಾಲು ಸುರಿದರೆ ಉಳಿದದ್ದನ್ನೆಲ್ಲ ಬಿಡಬಹುದು ಎಂಬ ನಂಬಿಕೆಯೇ ಅಪಾಯ. ಬಕೆಟ್ಟಿನಲ್ಲಿ ನೀರಾಗಿ ಕಲಸಿದ ಹಾಲು ನಿಜವಾಗಿ ಮತ್ತೊಂದು ಲೇಟೆನ್ಸ್ ಪದರ. ಬೆಳಿಗ್ಗೆ ಸುರಿದು ಕಾಂಕ್ರೀಟ್ ಬರುವ ಹೊತ್ತಿಗೆ ಅದು ಒಣಗಿದ್ದರಂತೂ ಎರಡು ತುಂಡುಗಳ ನಡುವೆ ಕಾಗದ ಇಟ್ಟ ಹಾಗೆ. ಮೇಸ್ತ್ರಿ ಹಾಕಲೇಬೇಕು ಎಂದರೆ ಗಟ್ಟಿಯಾಗಿ ಕಲಸಿ, ಬ್ರಷ್ಷಿನಿಂದ ತೆಳ್ಳಗೆ ಒತ್ತಿ ಉಜ್ಜಿ, ಅದು ಹಸಿ ಇರುವಾಗಲೇ ಕಾಂಕ್ರೀಟ್ ಸುರಿಯಲಿ.

ಹಳೆಯದಕ್ಕೆ ಹೊಸದನ್ನು ಅಂಟಿಸಲು ಅಂಗಡಿಯಲ್ಲಿ ಸಿಗುವ ಬಾಂಡಿಂಗ್ ಏಜೆಂಟುಗಳಿಗೂ ಇದೇ ನಿಯಮ. ಎಪಾಕ್ಸಿ ಆಗಲಿ, ಎಸ್‌ಬಿಆರ್ ಆಗಲಿ, ಡಬ್ಬದ ಮೇಲೆ ಬರೆದ ಸಮಯದೊಳಗೆ ಕಾಂಕ್ರೀಟ್ ಬೀಳಬೇಕು. ಒಣಗಿದ ಮೇಲೆ ಬಿದ್ದರೆ ಹಿಡಿಸುವ ಬದಲು ಬಿಡಿಸುತ್ತವೆ. ಪಿವಿಎ ಎಂದು ಬರೆದ ಬಿಳಿ ಗೋಂದಿನಂಥದ್ದನ್ನು ಮಳೆ, ತೇವ ತಾಗುವ ಕಡೆ ಬಳಸಲೇಬೇಡಿ. ಅದು ನೀರಿಗೆ ಮತ್ತೆ ಮೆದುವಾಗಬಹುದು.

8. ಹೊಸ ಕಾಂಕ್ರೀಟ್

ಸ್ಟಾರ್ಟರ್ ಸಣ್ಣದು ಎಂದು ಮಿಕ್ಕಿದ ಮಾಲಿನಲ್ಲಿ, ಕೈಯಲ್ಲಿ ಕಲಸಿ ಹಾಕುವ ರೂಢಿ ಇದೆ. ಬೇಡ. ಇಡೀ ಕಾಲಂನ ಭಾರ ಅದರ ಮೂಲಕವೇ ಇಳಿಯುತ್ತದೆ. ಕಾಲಂಗೆ ಯಾವ ದರ್ಜೆಯೋ ಸ್ಟಾರ್ಟರಿಗೂ ಅದೇ.

1.5 ಮೀಟರಿಗಿಂತ ಎತ್ತರದಿಂದ ಕಾಂಕ್ರೀಟ್ ಬೀಳಿಸಬೇಡಿ. ಬಿದ್ದರೆ ಜಲ್ಲಿ ಬೇರೆ, ಸಿಮೆಂಟ್ ಬೇರೆ ಆಗಿ ಬುಡದಲ್ಲಿ ಬರೀ ಜಲ್ಲಿ ಕೂರುತ್ತದೆ. ಮೊದಲ ಒಂದೆರಡು ಬಾಂಡ್ಲಿಗಳಲ್ಲಿ ಜಲ್ಲಿ ಸ್ವಲ್ಪ ಕಡಿಮೆ ಇರಲಿ, ನೀರು ಮಾತ್ರ ಜಾಸ್ತಿ ಬೇಡ. ವೈಬ್ರೇಟರ್ ಸೂಜಿ ಜಾಯಿಂಟಿನ ತನಕ ಇಳಿಯಬೇಕು. ಅರ್ಧ ಪೆಟ್ಟಿಗೆ ತುಂಬಿದ ಮೇಲೆ ಮೊದಲ ಸಲ ಸೂಜಿ ಹಾಕಿದರೆ ಬುಡಕ್ಕೆ ಏನೂ ಪ್ರಯೋಜನವಿಲ್ಲ. ಹೊಸ ಕಾಂಕ್ರೀಟಿನ ಸಿಮೆಂಟು ಹಳೆ ಜಲ್ಲಿಗಳ ಸಂದಿಗೆ ಹರಿಯುವುದು ಈ ಅಲುಗಾಟದಿಂದಲೇ.

9. ನೀರು ಹೊಡೆಯುವುದು

ಒಪಿಸಿ (ಏನೂ ಬೆರೆಸದ ಸಾಮಾನ್ಯ) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ ಕನಿಷ್ಠ 10 ದಿನ. ಒಣ ಬಿಸಿಲಿನ ಕಾಲದಲ್ಲಿ ಯಾವುದಕ್ಕೇ ಆದರೂ 10ಕ್ಕಿಂತ ಕಡಿಮೆ ಬೇಡ. ಕಾಲಂಗೆ ಗೋಣಿ ಸುತ್ತುವಾಗ ಬುಡದ ಜಾಯಿಂಟ್ ಬಿಟ್ಟುಹೋಗದಂತೆ ನೋಡಿ.

ಮೋಲ್ಡ್ ಅರ್ಧಕ್ಕೆ ನಿಂತುಬಿಟ್ಟರೆ

ಮಿಕ್ಸರ್ ಕೆಟ್ಟಿತು, ಮಳೆ ಬಂತು. ಮೊದಲು ವೈಬ್ರೇಟರ್ ಸೂಜಿಯನ್ನು ಸುರಿದ ಕಾಂಕ್ರೀಟಿನ ಮೇಲಿಟ್ಟು ಚಾಲೂ ಮಾಡಿ. ತನ್ನ ಭಾರಕ್ಕೇ ಅದು ಒಳಗೆ ಇಳಿದರೆ ಕಾಂಕ್ರೀಟ್ ಇನ್ನೂ ಹಸಿ. ಹೊಸದು ಸುರಿದು ಎರಡನ್ನೂ ಸೇರಿಸಿ ಅಲುಗಿಸಬಹುದು. ಇಳಿಯದಿದ್ದರೆ ಅದು ಬಿಗಿದಿದೆ. ಅಂಥ ಬೇಡದ ಜಾಯಿಂಟಿಗೆ ಕೋಲ್ಡ್ ಜಾಯಿಂಟ್ ಎನ್ನುತ್ತಾರೆ. ಆಗ ಅವಸರ ಬೇಡ. ನಿಂತ ಜಾಗ ನಡುವಿನ ಪಾಲಿನಲ್ಲಿದ್ದರೆ ಇಳಿಜಾರಿನ ತುದಿ ಕತ್ತರಿಸಿ ಮುಖ ನೆಟ್ಟಗೆ ಮಾಡಿ, ಮೂರನೇ ಹಂತದಿಂದ ಶುರು ಮಾಡಿ. ಕಾಲಂ ಅಥವಾ ಗೋಡೆಯ ಹತ್ತಿರ ನಿಂತಿದ್ದರೆ ಇಂಜಿನಿಯರ್ ಬಂದು ನೋಡುವ ತನಕ ಮುಂದುವರಿಸಬೇಡಿ. ಎಷ್ಟು ಹಿಂದಕ್ಕೆ ಕೆತ್ತಬೇಕು, ಹೆಚ್ಚಿನ ಕಂಬಿ ಬೇಕೇ ಎಂದು ಅವರು ಹೇಳಲಿ. ಪ್ಲಾಸ್ಟಿಕ್ ಶೀಟು, ಹೆಚ್ಚುವರಿ ಹಲಗೆ, ಎರಡನೇ ವೈಬ್ರೇಟರ್ ಇವು ಮೋಲ್ಡ್ ದಿನ ಸೈಟಿನಲ್ಲೇ ಇರಲಿ.

ಶಟರಿಂಗ್ ಬಿಚ್ಚಿದ ಮೇಲೆ

ಜಾಯಿಂಟಿನಲ್ಲಿ ಒಂದು ತೆಳುವಾದ ಗೆರೆ, ಬಣ್ಣದ ಸಣ್ಣ ವ್ಯತ್ಯಾಸ ಕಂಡರೆ ಅದು ಸಹಜ. ಜಲ್ಲಿ ಬಿಡಿಬಿಡಿಯಾಗಿ ಕಾಣುವ ಹನಿಕೋಂಬ್, ಕಂಬಿ ಕಾಣುವ ತೂತು, ಉಗುರು ತೂರುವ ಸಂದು, ಮರದ ಚೂರು ಕಂಡರೆ ಸಹಜವಲ್ಲ. ಸಣ್ಣ ಸುತ್ತಿಗೆಯಿಂದ ಗೆರೆಯ ಉದ್ದಕ್ಕೂ ತಟ್ಟಿ. ಗಟ್ಟಿ ಕಾಂಕ್ರೀಟ್ ಠಣ್ ಎನ್ನುತ್ತದೆ, ಒಳಗೆ ಟೊಳ್ಳಿದ್ದರೆ ಸದ್ದು ಮಂಕಾಗುತ್ತದೆ. ಅಂಥ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ, ಫೋಟೋ ತೆಗೆದು ಇಂಜಿನಿಯರಿಗೆ ಕಳಿಸಿ. ಗ್ರೌಟ್ (ಸಂದಿಗೆ ತುಂಬುವ ತೆಳು ಗಾರೆ) ಸಾಕೋ, ಒಡೆದು ಮತ್ತೆ ಹಾಕಬೇಕೋ ಅವರು ನಿರ್ಧರಿಸಬೇಕು. ಅವರು ಬಂದು ನೋಡುವ ತನಕ ಆ ಜಾಗಕ್ಕೆ ಯಾರೂ ಗಾರೆ ಮೆತ್ತದಂತೆ ನೋಡಿಕೊಳ್ಳಿ.